ಅವನು ಕೇಳಿದ್ದು ಒಂದು ಸ್ಟೂಲು

ಪ್ರತಿ ವರ್ಷ ಓಣಂ ಮುಗಿದ ವಾರಕ್ಕೆ ಕಾಟಿಕುಳಂನ ಕವಲಿನಲ್ಲಿ ಅವನ ಫ್ಲೆಕ್ಸ್ ಏಳುತ್ತದೆ. ಪ್ರತಿ ವರ್ಷವೂ ಅವನು ಇನ್ನಷ್ಟು ಬೆಳ್ಳಗಾಗಿರುತ್ತಾನೆ. ಸತ್ತ ದಿನ ಕಟ್ಟಿದ ಆದರಾಂಜಲಿ ಫ್ಲೆಕ್ಸಿನಲ್ಲಿ ಅವನ ಬಣ್ಣ ಅವನದೇ ಇತ್ತು, ಒಳ್ಳೆ ಕಪ್ಪು. ಮೊದಲ ವರ್ಷದ ಸ್ಮರಣೆಗೆ ಗೋಧಿ ಬಣ್ಣವಾಯಿತು. ಈಗ ಮೂರನೆಯ ವರ್ಷ, ಮೂಗು ಕೂಡ ಚೂಪಾಗಿದೆ. ಇನ್ನೆರಡು ವರ್ಷ ಹೋದರೆ ಹೆತ್ತ ತಾಯಿಗೂ ಗುರುತು ಸಿಗಲಿಕ್ಕಿಲ್ಲ. ಬದುಕಿದ್ದಾಗ ಅವನು ಇದೇ ಕವಲಿನ ಹೋಟೆಲಿಗೆ ಹೋದರೆ ಒಳಗಿನ ಮೇಜಿನಲ್ಲಿ ಕೂತವರು ಸರಿದು ಜಾಗ ಕೊಡುತ್ತಿರಲಿಲ್ಲ. ಈಗ ಆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಅವನ ಫೋಟೋ ಇದೆ, ದಿನಾ ಹೊಸ ಹೂವು ಹಾಕುತ್ತಾರೆ.

ಆ ಫ್ಲೆಕ್ಸಿನ ಕೆಳಗೆ ಒಂದು ವಾಕ್ಯ ಬರೆದಿರುತ್ತದೆ, ಮಲಯಾಳದಲ್ಲಿ. ‘ಈ ಹಾಡು ಮುಗಿದ ಮೇಲೆ ನನಗೆ ಇನ್ನೊಂದು ಹಾಡು ಬೇಡ ಚೇಟ್ಟಾ.’ ಅವನು ಕೊನೆಯದಾಗಿ ಹೇಳಿದ ಮಾತು ಎಂದು ಇಡೀ ವಯನಾಡಿಗೆ ಗೊತ್ತು. ಮೋಟಾರುಬೈಕಿನ ಹಿಂದೆ ಬರೆಸಿಕೊಂಡವರಿದ್ದಾರೆ. ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡ ಒಬ್ಬ ಹುಡುಗಿಯನ್ನು ನಾನೇ ನೋಡಿದ್ದೇನೆ. ಆ ವಾಕ್ಯದಲ್ಲಿ ಬರುವ ಚೇಟ್ಟ, ಎಂದರೆ ಅಣ್ಣ, ನಾನು. ಆ ಮಾತನ್ನು ಅವನು ಹೇಳಲಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫ್ಲೆಕ್ಸಿನ ಕೆಳಗೆ ಮೇಣದ ಬತ್ತಿ ಹಚ್ಚುವವರಿಗೆ ಕನ್ನಡ ಓದಲು ಬರುವುದಿಲ್ಲ. ಯಾರಿಗೆ ಇದು ಬೇಕಿತ್ತೋ ಅವರಿಗೆ ಯಾವ ಅಕ್ಷರವೂ ಬರುವುದಿಲ್ಲ. ಹೇಡಿಗೆ ಇಷ್ಟು ಅನುಕೂಲವಾದ ಭಾಷೆ ಇನ್ನೊಂದು ಸಿಗದು.

ನಮ್ಮದು ತೃಶ್ಶಿಲೇರಿಯ ಬಳಿ ಗದ್ದೆ, ಕಾಫಿ ಇರುವ ಜೈನರ ಮನೆ. ಯಾವುದೋ ಕಾಲಕ್ಕೆ ಕರ್ನಾಟಕದಿಂದ ಬಂದು ನೆಲೆಸಿದವರು. ಊರವರು ಈಗಲೂ ಗೌಡ್ರು ಎಂದೇ ಕರೆಯುತ್ತಾರೆ. ಶಾಲೆ, ಕಚೇರಿ, ಪೇಟೆ ಎಲ್ಲ ಮಲಯಾಳ. ಕನ್ನಡ ಅಡುಗೆಮನೆಯಲ್ಲಿ, ಬಸದಿಯಲ್ಲಿ, ಮತ್ತೆ ಗದ್ದೆಗೆ ಕೆಲಸಕ್ಕೆ ಬರುವ ಕಾಡಿನಂಚಿನ ಜನರ ಜೊತೆ. ನನಗೆ ಅಕ್ಷರ ಕಲಿಸಿದ್ದು ಅಜ್ಜಿ, ತನ್ನ ಸ್ತೋತ್ರದ ಪುಸ್ತಕ ಇಟ್ಟುಕೊಂಡು. ನಾನು ಆ ಅಕ್ಷರಗಳನ್ನು ಬಳಸಿದ್ದು ಬೇರೆ ಭಕ್ತಿಗೆ.

ಚಿಕ್ಕಂದಿನಿಂದ ನನಗೆ ಬೇಗ ಸತ್ತ ಹಾಡುಗಾರರ ಹುಚ್ಚು. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಪೇಪರಿನ ಚೂರುಗಳು. ಕಾರು ಮಗುಚಿ ಸತ್ತವರು, ಕುಡಿದು ಸತ್ತವರು, ಹೋಟೆಲ್ ಕೋಣೆಯಲ್ಲಿ ಬೆಳಿಗ್ಗೆ ಏಳದೆ ಹೋದವರು, ಎಲ್ಲಿಯ ದೇಶದವರೋ, ಯಾವ ಭಾಷೆಯವರೋ. ಅವರ ಹಾಡು ಎಲ್ಲ ಕೇಳಿದ್ದೆ ಎಂದಲ್ಲ. ನನಗೆ ಬೇಕಾಗಿದ್ದದ್ದು ಅವರ ಕೊನೆಯ ಫೋಟೋ. ಅದನ್ನು ಕಣ್ಣಿನ ಹತ್ತಿರ ಹಿಡಿದು ಮುಖದಲ್ಲಿ ಏನಾದರೂ ಸೂಚನೆ ಇದೆಯೇ ಎಂದು ಹುಡುಕುತ್ತಿದ್ದೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಹಲ್ಲುನೋವಿನ ಮುಖವೂ ಸತ್ತ ಮೇಲೆ ನೋಡಿದರೆ ಎಲ್ಲ ಬಲ್ಲ ಮುಖದ ಹಾಗೇ ಕಾಣುತ್ತದೆ. ಪ್ರತಿಯೊಂದು ಚೂರಿನ ಹಿಂದೆ ಅವರು ಕೊನೆಗೆ ಏನು ಹೇಳಿದರೆಂದು ಕನ್ನಡದಲ್ಲಿ ಬರೆದಿಡುತ್ತಿದ್ದೆ, ಮನೆಯಲ್ಲಿ ಅಜ್ಜಿ ಬಿಟ್ಟು ಯಾರೂ ಓದಲಾರರೆಂದು. ಪೇಪರಿನಲ್ಲಿ ಕೊನೆಯ ಮಾತು ಇಲ್ಲದಿದ್ದರೆ ನಾನೇ ಒಂದು ಹುಟ್ಟಿಸುತ್ತಿದ್ದೆ. ಅಭ್ಯಾಸ ಆಗಿನಿಂದಲೇ ಇತ್ತು.

ಮುಂದೆ ಕೀಬೋರ್ಡ್ ಕಲಿತು ಗಾನಮೇಳದ ಒಂದು ತಂಡ ಕಟ್ಟಿದೆ. ಚರ್ಚಿನ ಪಳ್ಳಿ ಹಬ್ಬ, ಓಣಂ, ಕ್ಲಬ್ಬಿನ ವಾರ್ಷಿಕ, ಯಾರು ಕರೆದರೂ ಹೋಗುವ ತಂಡ. ಎರಡು ವರ್ಷದಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ಜನ ಎಲ್ಲ ಹಾಡಿಗೂ ಮಾತಾಡುತ್ತಾರೆ, ಕಡಲೆ ತಿನ್ನುತ್ತಾರೆ, ಮಕ್ಕಳನ್ನು ಮೂತ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಆದರೆ ‘ನಮ್ಮನ್ನು ಬೇಗ ಅಗಲಿದ’ ಎಂದು ಶುರುಮಾಡಿದರೆ ಸಾಕು, ಹಾಲ್ ಇಡೀ ಗಪ್‌ಚುಪ್. ಹಾಗಾಗಿ ನಾನು ಪ್ರತಿ ಪರಿಪಾಡಿಯಲ್ಲೂ, ಎಂದರೆ ಕಾರ್ಯಕ್ರಮದಲ್ಲೂ, ಅರ್ಧ ಗಂಟೆ ತೆಗೆದಿಟ್ಟೆ. ದೀಪ ಕಡಿಮೆ ಮಾಡುವುದು, ಪರದೆಯ ಮೇಲೆ ಸತ್ತವರ ಫೋಟೋ, ಕೊಳಲಿನ ಒಂದು ಎಳೆ, ಆಮೇಲೆ ಹಾಡು. ಜನ ಮೊಬೈಲಿನ ಬೆಳಕು ಎತ್ತಿ ಹಿಡಿದು ತೂಗುತ್ತಿದ್ದರು. ನಮ್ಮನ್ನು ಕರೆಯಲು ಬರುವವರು ‘ಆ ಸತ್ತವರ ಐಟಂ ಇದೆಯಲ್ಲ, ಅದು ಇರಲೇಬೇಕು’ ಎನ್ನುತ್ತಿದ್ದರು.

ನಮ್ಮ ತಂಡದಲ್ಲಿ ಐವತ್ತನಾಲ್ಕು ವರ್ಷದ ಒಬ್ಬ ಹಾಡುಗಾರರಿದ್ದರು. ಶ್ರುತಿ ಒಂದು ಎಳೆ ತಪ್ಪದ ಗಂಟಲು. ಅವರು ಮೈಕಿನ ಮುಂದೆ ಬಂದರೆ ಜನ ಚಹಾಕ್ಕೆ ಏಳುತ್ತಿದ್ದರು. ಹೊಟ್ಟೆ ಬಂದಿತ್ತು, ಕೂದಲಿಗೆ ಬಣ್ಣ ಹಚ್ಚುತ್ತಿದ್ದರು, ಮಗಳ ಮದುವೆಯ ಚಿಂತೆ ಮಾಡುತ್ತಿದ್ದರು. ಅವರು ಮಾಡಿದ ತಪ್ಪು ಒಂದೇ, ಇಪ್ಪತ್ತೈದಕ್ಕೆ ಸಾಯದೆ ಹೋದದ್ದು. ಒಂದು ಸಲ ನಾನು ಇದನ್ನು ತಮಾಷೆಗೆ ಅವರ ಮುಂದೆಯೇ ಹೇಳಿದೆ. ಅವರು ನಕ್ಕರು. ಮುಂದಿನ ಪರಿಪಾಡಿಗೆ ಬರಲಿಲ್ಲ.

ಅವರ ಜಾಗಕ್ಕೆ ಬಂದವನೇ ಅವನು. ಬಾವಲಿಯ ಹತ್ತಿರ ಕಾಡಿಗೆ ಅಂಟಿದ ಬುಡಕಟ್ಟಿನವರ ಹಾಡಿಯವನು. ಅವನ ತಾಯಿ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದಳು. ಒಂದು ಮಳೆಗಾಲ ಇವನೂ ಜೊತೆಗೆ ಬಂದ, ಇಪ್ಪತ್ತು ವರ್ಷದ ಹುಡುಗ. ನೇಜಿ ಕೀಳುತ್ತಾ ಬಾಯಿಗೆ ಬಂದದ್ದು ಹಾಡುತ್ತಿದ್ದ. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತವನು ಕೊಡೆ ಮಡಚಿ ಕೇಳಿದೆ. ಅದೊಂದು ಗಂಟಲು ಮಾರಾಯರೆ, ಹೇಗೆ ಹೇಳಲಿ. ಮೇಲಿನ ಸ್ವರಕ್ಕೆ ಹೋದಾಗ ಸ್ವಲ್ಪ ಒಡೆಯುತ್ತಿತ್ತು. ಆ ಒಡಕಿಗೇ ಜನ ಸಾಯುತ್ತಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಅವನ ಕೆಸರು ಕಾಲು ತೊಳೆಸಿ ನೇರ ನನ್ನ ರಿಹರ್ಸಲ್ ಕೋಣೆಗೆ ಕರೆದುಕೊಂಡು ಬಂದೆ.

ಮೊದಲು ಗೌಡ್ರೆ ಎನ್ನುತ್ತಿದ್ದವನು ಮೂರು ತಿಂಗಳಲ್ಲಿ ಅಣ್ಣಾ ಎನ್ನತೊಡಗಿದ. ತಂಡದಲ್ಲಿ ಉಳಿದವರೆಲ್ಲ ಮಲಯಾಳಿಗಳು. ನಾವಿಬ್ಬರು ಮಾತ್ರ ನಮ್ಮ ಕನ್ನಡ. ತಬಲದವನು ಉಳಿದವರ ಪಾಲಿನ ಬಿರಿಯಾನಿಗೂ ಕೈ ಹಾಕುವುದನ್ನು ಅವನ ಎದುರಿಗೇ ಆಡಿಕೊಂಡು ನಗುತ್ತಿದ್ದೆವು. ನನ್ನ ಜೊತೆ ಅವನು ಮಲಯಾಳದ ಒಂದು ವಾಕ್ಯ ಆಡಿದ್ದು ನನಗೆ ನೆನಪಿಲ್ಲ. ಸ್ಟೇಜಿನ ಮೇಲೆ ಶ್ರುತಿ ಕೇಳುವುದು ಕೂಡ ಕನ್ನಡದಲ್ಲೇ.

ಸತ್ತವರ ಅರ್ಧ ಗಂಟೆ ಅವನಿಗೆ ಕೊಟ್ಟೆ. ಅವನಿಗೆ ಅದೊಂದು ನಗೆ.

“ಅಣ್ಣಾ, ಸತ್ತೋರ್ ಹಾಡ್ನೆಲ್ಲಾ ನಂಗೇ ಕೊಡ್ತೀಯಲ್ಲ, ಬದ್ಕಿರೋರು ಏನ್ ತಪ್ಪು ಮಾಡವ್ರೆ?” ಎಂದ ಒಂದು ಸಲ.

“ಬದುಕಿರೋರು ಅವರವರ ಹಾಡು ಅವರೇ ಹಾಡ್ಕೋತಾರೆ” ಎಂದೆ.

“ನಾ ಸತ್ರೆ ನನ್ ಹಾಡು ಯಾರ್ ಹಾಡದು? ನಂದು ಅಂತ ಒಂದೂ ಇಲ್ವಲ್ಲ” ಎಂದು ಹಲ್ಲು ಬಿಟ್ಟ. ಈ ಮಾತನ್ನು ಟಿವಿಯವರಿಗೆ ಹೇಳಿದ್ದರೆ ಇದನ್ನೂ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಅವತ್ತು ಅವನು ಬಾಳೆಹಣ್ಣಿನ ಬಜ್ಜಿ ತಿನ್ನುತ್ತಾ ಹೇಳಿದ್ದು, ಬಾಯಿ ತುಂಬ ಎಣ್ಣೆ.

ಅವನು ಸಾಯುವ ವರ್ಷ ನಾಟಿ ತಡವಾಯಿತು, ಆಳು ಸಿಗಲಿಲ್ಲ. ಎರಡು ದಿನ ಬಂದು ಕೈ ಹಾಕು ಎಂದು ನಾನೇ ಕರೆದೆ. ಆಗಲೇ ಅವನ ವೀಡಿಯೋಗಳನ್ನು ಜನ ನೋಡುತ್ತಿದ್ದರು, ಆದರೂ ಬಂದ. ನಮ್ಮ ಬದುವಿನ ತುಂಬ ಇಲಿಯ ಬಿಲ. ಅವನ ಹಿಮ್ಮಡಿ ಒಡೆದಿತ್ತು. ಎರಡು ದಿನ ಆ ಕೆಸರಿನಲ್ಲಿ ನಿಂತ. ಹತ್ತು ದಿನಕ್ಕೆ ಕಲ್ಲೂರಿನಲ್ಲಿ ಓಣಂ ಪರಿಪಾಡಿ, ಮಧ್ಯಾಹ್ನ ಮೂರಕ್ಕೆ, ಒಂದು ಕಲ್ಯಾಣಮಂಟಪದಲ್ಲಿ.

ವ್ಯಾನಿನಿಂದ ಇಳಿಯುವಾಗಲೇ ಅವನ ಮೈ ಸುಡುತ್ತಿತ್ತು. ಕಣ್ಣು ಕೆಂಡದಂತೆ ಕೆಂಪಗಿತ್ತು. ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದ. ಗದ್ದೆಯಲ್ಲಿ ಬೆಳೆದ ನನಗೆ ಇಲಿಜ್ವರ ಅಂದರೆ ಏನೆಂದು ಗೊತ್ತು, ಇಲಿಯ ಮೂತ್ರ ಬಿದ್ದ ಕೆಸರು ಒಡೆದ ಹಿಮ್ಮಡಿಯಿಂದ ಒಳಗೆ ಹೋಗಿ ಬರುವುದು. ಕೆಸರಿನಲ್ಲಿ ನಿಂತವನಿಗೆ ಜ್ವರ ಬಂದು ಕಣ್ಣು ಕೆಂಪಾಗಿ ಮೀನಖಂಡ ಹಿಡಿದರೆ ಬೇರೇನನ್ನೂ ಯೋಚಿಸದೆ ಆಸ್ಪತ್ರೆಗೆ ಓಡಬೇಕೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುತ್ತಾರೆ. ನಮ್ಮ ಮನೆಗೂ ಬಂದು ಹೇಳಿದ್ದರು. ಆದರೆ ಹಾಲ್ ತುಂಬಿತ್ತು, ಹೊರಗೆ ಅವನ ಹೆಸರು ಕೂಗುತ್ತಿದ್ದರು. ನಾನು ಎರಡು ಜ್ವರದ ಮಾತ್ರೆ ಕೊಟ್ಟೆ, ಹಾಲಿಲ್ಲದ ಕಟ್ಟನ್ ಕಾಪಿ ಒಂದು ಲೋಟ ಕೊಟ್ಟೆ, ಕನ್ನಡಿಯ ಮುಂದೆ ನಿಲ್ಲಿಸಿ ತಲೆ ಬಾಚಿದೆ.

ಕೊನೆಯ ಹಾಡಿಗೆ ಮುಂಚೆ ಅವನು ಕೀಬೋರ್ಡಿನ ಹತ್ತಿರ ಬಾಗಿದ. ಎಲ್ಲ ವೀಡಿಯೋಗಳಲ್ಲೂ ಆ ಬಾಗಿದ್ದು ಕಾಣುತ್ತದೆ. ತುಟಿ ಅಲ್ಲಾಡುವುದು ಕಾಣುತ್ತದೆ, ಧ್ವನಿ ಇಲ್ಲ.

“ಅಣ್ಣಾ, ಕಾಲು ಕಿತ್ಕೊಂಡ್ ಬತ್ತಾ ಐತೆ. ಒಂದ್ ಸ್ಟೂಲ್ ಕೊಡ್ಸು” ಎಂದ.

“ಕೂತ್ಕೊಂಡು ಹಾಡಿದ್ರೆ ಎದುರಿಗೆ ಏನ್ ಚೆನ್ನಾಗಿ ಕಾಣ್ತದೆ? ಒಂದೇ ಹಾಡು, ನಿಂತ್ಕೊ” ಎಂದೆ.

ನಿಂತ. ಹಾಡಿದ. ಸತ್ತು ಬಹಳ ವರ್ಷವಾದ ಒಬ್ಬರ ಹಾಡು. ನೋವಿಗೆ ಅವನ ಗಂಟಲು ಎಂದಿಗಿಂತ ಹೆಚ್ಚು ಒಡೆಯಿತು, ಕೆಂಪು ಕಣ್ಣಿನಿಂದ ನೀರು ಇಳಿಯಿತು. ಮುಂದಿನ ಸಾಲಿನ ಹೆಂಗಸರು ಸೆರಗು ಕಚ್ಚಿ ಅತ್ತರು. ನಿಜ ಹೇಳುತ್ತೇನೆ, ಕೀಬೋರ್ಡ್ ನುಡಿಸುತ್ತಾ ನನಗೆ ಖುಷಿಯಾಗುತ್ತಿತ್ತು. ಇಷ್ಟು ಚೆನ್ನಾಗಿ ಅವನು ಯಾವತ್ತೂ ಹಾಡಿರಲಿಲ್ಲ. ವ್ಯಾನಿನಲ್ಲಿ ಹಿಂತಿರುಗುವಾಗ ಅವನು ಕಿಟಕಿಗೆ ತಲೆ ಇಟ್ಟು ಕಣ್ಣು ಮುಚ್ಚಿದ. ಸಿಟ್ಟು ಬಂದಿತ್ತು, ನನ್ನ ಜೊತೆ ಮಾತಾಡಲಿಲ್ಲ. ಬಾವಲಿಯ ಚೆಕ್‌ಪೋಸ್ಟ್ ಹತ್ತಿರ ಇಳಿದು ಕುಂಟುತ್ತಾ ಹೋದ. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಮೂತ್ರ ನಿಂತಿತ್ತು, ಮೈ ಅರಿಶಿನವಾಗಿತ್ತು. ನಾನು ಆ ಹೊತ್ತಿಗೆ ಬೇರೊಂದು ಊರಿನಲ್ಲಿ ಮೈಕ್ ಪರೀಕ್ಷೆ ಮಾಡುತ್ತಿದ್ದೆ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು ನೀವು. ಬದುಕಿದ್ದಾಗ ಅವನ ಹಾಡಿಗೆ ಹೋಗುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಸತ್ತ ಮರುದಿನ ಆ ಮಣ್ಣುದಾರಿಯಲ್ಲಿ ಜೀಪುಗಳು ಒಂದರ ಹಿಂದೆ ಒಂದು ಹೂತು ನಿಂತವು. ಹೆಣದ ಜೊತೆ ಫೋಟೋ ತೆಗೆಸಿಕೊಂಡರು. ಅವನ ಚಪ್ಪಲಿ ಯಾರೋ ಎತ್ತಿಕೊಂಡು ಹೋದರು, ಹಾಸಿಗೆಯ ಚಾದರದಲ್ಲಿ ಒಂದು ತುಂಡು ಹರಿದುಕೊಂಡರು. ತಾಯಿ ಅಳಲಿಲ್ಲವೆಂದು ಬಂದವರಿಗೆ ಬೇಸರವಾಯಿತು. ಒಬ್ಬ ಅವಳ ಮುಖದ ಹತ್ತಿರ ಫೋನ್ ಹಿಡಿದು ಕಾದ, ಕಾದ, ಕೊನೆಗೆ ಬ್ಯಾಟರಿ ಮುಗಿದ ಮೇಲೆ ಹೊರಟುಹೋದ.

ಕಲ್ಲೂರಿನ ಆ ವೀಡಿಯೋ ಹಬ್ಬಿತು. ಇಲಿಜ್ವರದಿಂದ ಸತ್ತ ಎಂದು ಆಸ್ಪತ್ರೆಯ ಕಾಗದದಲ್ಲಿತ್ತು. ಜನಕ್ಕೆ ಅದು ಹಿಡಿಸಲಿಲ್ಲ. ಇಲಿಜ್ವರ ಕೂಲಿಯವರಿಗೆ ಬರುವ ರೋಗ, ಹಾಡುಗಾರರು ಅದಕ್ಕೆಲ್ಲ ಸಾಯುವುದಿಲ್ಲ. ಕಣ್ಣು ನೋಡಿ, ಎಷ್ಟು ಅತ್ತಿದ್ದಾನೆ ನೋಡಿ, ಎಂದರು. ಪ್ರೇಮವಂತೆ, ಮೋಸವಂತೆ, ಮನೆಗೆ ಹೋಗಿ ಏನೋ ಕುಡಿದನಂತೆ, ಆಸ್ಪತ್ರೆಯವರು ಮುಚ್ಚಿಟ್ಟರಂತೆ. ಹಾಡುವಾಗ ಅವನು ನೋಡುತ್ತಿದ್ದ ದಿಕ್ಕಿನಲ್ಲಿ ಮೂರನೆಯ ಸಾಲಿನಲ್ಲಿ ಒಬ್ಬ ನರ್ಸಿಂಗ್ ಹುಡುಗಿ ಕೂತಿದ್ದಳು. ಅವಳ ಮುಖಕ್ಕೆ ಕೆಂಪು ವೃತ್ತ ಹಾಕಿ ಕಳಿಸಿದರು. ಅವನು ನೋಡುತ್ತಿದ್ದದ್ದು ಅವಳ ಹಿಂದಿನ ಗೋಡೆಯ ಹತ್ತಿರ ಖಾಲಿ ಬಿದ್ದಿದ್ದ ಕುರ್ಚಿಗಳನ್ನು ಎಂದು ನನಗೆ ಗೊತ್ತಿತ್ತು. ಹುಡುಗಿ ಕಾಲೇಜು ಬಿಟ್ಟಳು. ನಾನು ಬಾಯಿ ಬಿಡಲಿಲ್ಲ.

ಹದಿನಾರನೆಯ ದಿನ ಒಬ್ಬ ಚಾನೆಲ್‌ನವನು ನಮ್ಮ ಮನೆಗೆ ಬಂದ. ಕ್ಯಾಮೆರಾ ಇಟ್ಟು, ಹಿಂದೆ ಕೀಬೋರ್ಡ್ ಕಾಣುವ ಹಾಗೆ ನನ್ನನ್ನು ಕೂರಿಸಿ, ಆ ಬಾಗಿದ ಕ್ಷಣದಲ್ಲಿ ಅವನು ಏನು ಹೇಳಿದ ಎಂದು ಕೇಳಿದ. ಕಾಲು ನೋಯುತ್ತಿದೆ, ಸ್ಟೂಲು ಕೊಡಿಸು ಎಂದ, ಎಂದೆ. ನಾನು ನಿಜ ಹೇಳಿದ್ದು ಅದೊಂದೇ ಸಲ. ಅವನು ಕ್ಯಾಮೆರಾ ಆರಿಸಿದ.

“ಬೇರೆ ಏನಾದರೂ?” ಎಂದು ಮಲಯಾಳದಲ್ಲಿ ಕೇಳಿದ, ಅಂಗಡಿಯಲ್ಲಿ ಬೇರೆ ಬಣ್ಣದ ಶರ್ಟು ಇದೆಯಾ ಎಂದು ಕೇಳುವವನ ಹಾಗೆ.

ಬಿಸ್ಕತ್ತಿನ ಡಬ್ಬಿಯಲ್ಲಿ ಅಷ್ಟು ವರ್ಷ ಮಾಡಿದ ಅಭ್ಯಾಸ ಕೈಬಿಡಲಿಲ್ಲ. ಒಂದು ನಿಮಿಷವೂ ಬೇಕಾಗಲಿಲ್ಲ, ವಾಕ್ಯ ತಾನೇ ಬಂತು, ಮಲಯಾಳದಲ್ಲೇ ಬಂತು. ಅವನು ಮತ್ತೆ ಕ್ಯಾಮೆರಾ ಹಚ್ಚಿದ. ಹೇಳುವಾಗ ನನಗೆ ನಿಜವಾಗಿ ಅಳು ಬಂತು. ಅದು ಕೂಡ ಆ ವೀಡಿಯೋದಲ್ಲಿದೆ, ಈಗಲೂ ನೋಡಬಹುದು. ಸ್ಟೂಲು ಎಂದರೆ ಜ್ವರ, ಜ್ವರ ಎಂದರೆ ಅದನ್ನು ಕಂಡೂ ಅವನನ್ನು ನಿಲ್ಲಿಸಿ ಹಾಡಿಸಿದ ನಾನು. ಈ ವಾಕ್ಯದಲ್ಲಿ ಅದ್ಯಾವುದೂ ಇರಲಿಲ್ಲ. ಆವತ್ತಿನಿಂದ ನಾನು ಅವನ ಆತ್ಮಮಿತ್ರನಾದೆ.

ವರ್ಷ ತುಂಬುವುದಕ್ಕೆ ಎರಡು ವಾರ ಇರುವಾಗ ಅವನ ತಾಯಿ ನಮ್ಮ ಮನೆಗೆ ಬಂದಳು. ಬಾವಲಿಯಿಂದ ಬಸ್ಸಿನಲ್ಲಿ ಬಂದು ಅಂಗಳದಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು ವಿಷಯ ಹೇಳಿದಳು.

ಅವರ ಹಾಡಿಯಲ್ಲಿ ಸತ್ತವರನ್ನು ವರ್ಷಕ್ಕೆ ಹಿರಿಯರ ಜೊತೆ ಸೇರಿಸುತ್ತಾರೆ. ಮರದ ಕೆಳಗೆ ಒಂದು ಕಲ್ಲಿದೆ. ಅದರ ಮುಂದೆ ಅಕ್ಕಿ ಬೇಯಿಸಿ, ಹೆಸರು ಹಿಡಿದು ಕರೆದು ಬಡಿಸಿದರೆ ಸತ್ತವರು ಹಿಂದಿನವರ ಸಾಲಿಗೆ ಸೇರಿದರು ಎಂದು ಲೆಕ್ಕ. ಜ್ವರದಲ್ಲಿ ಹೋದವರಿಗೆ, ಆನೆ ತುಳಿದವರಿಗೆ, ಮುದುಕರಾಗಿ ಹೋದವರಿಗೆ, ಎಲ್ಲರಿಗೂ ಇದು ಉಂಟು. ತನ್ನ ಜೀವ ತಾನೇ ತೆಗೆದುಕೊಂಡವರಿಗೆ ಮಾತ್ರ ಇಲ್ಲ. ಅಂಥವರನ್ನು ಕರೆಯುವುದಿಲ್ಲ.

“ಮೂಪ್ಪ ಒಪ್ತಾ ಇಲ್ಲ ಗೌಡ್ರೆ” ಎಂದಳು. ಮೂಪ್ಪ ಎಂದರೆ ಹಾಡಿಯ ಹಿರಿಯ. “ಐಕ್ಳು ಫೋನಲ್ಲಿ ನೋಡ್ಕಂಬಂದು ಯೋಳವೆ. ಇನ್ನೊಂದ್ ಹಾಡು ಬ್ಯಾಡ ಅಂದ್ನಂತೆ. ತಾನೇ ಹೋಯ್ತೀನಿ ಅಂತ ಯೋಳ್ದಂಗಾಯ್ತಲ್ಲ ಅಂತಾನೆ ಮೂಪ್ಪ.”

“ಆಸ್ಪತ್ರೆ ಕಾಗದ ಇದೆಯಲ್ಲ? ಜ್ವರ ಅಂತ ಬರ್ದಿದೆಯಲ್ಲ?” ಎಂದೆ.

“ತೋರಿಸ್ದೆ. ಕಡ್ಲಾಸು ಬ್ಯಾಡ ಅಂದ. ಕಾಡು ನಿಮ್ದಲ್ಲ ಅಂತಾನೂ ಕಡ್ಲಾಸಲ್ಲೇ ಬರ್ದಿದ್ರು ಅಂದ. ಮಾತ್ನ ಕಿವೀಲಿ ಕೇಳ್ದೋರು ಬಂದು ಅಕ್ಕಿ ಮ್ಯಾಲ್ ಕೈ ಮಡಗಿ ಯೋಳ್ಬೇಕಂತೆ. ಕೇಳ್ದೋರು ನೀವೊಬ್ರೇಯ.”

ಮತ್ತೆ ಹೇಳಿದಳು. “ಅವನ್ನ ಸೇರುಸ್ದೆ ಇದ್ರೆ ಅವ ಕಂಟಿ ಒಳ್ಗೇ ನಿಂತಿರ್ತಾನೆ. ನಾನು ಸತ್ರೆ ನನ್ನ ಕಲ್ ತಾವ ಕರೀತಾರೆ. ಅವ ಅಲ್ಲಿರಕಿಲ್ಲ. ಅವನ್ ಮೊಕ ನಾ ಮತ್ತೆ ನೋಡಂಗೇ ಇಲ್ಲ. ಆ ಮಾತ ಅವ ಯೋಳ್ನಿಲ್ಲ ಅಂತ ಒಂದ್ ಮಾತು ಅಂದ್ಬುಡಿ. ನಿಮ್ಮೇಲೆ ನಂಗೇನೂ ಇಲ್ಲ.”

ಬರುತ್ತೇನೆ ಎಂದೆ. ಹೇಳುತ್ತೇನೆ ಎಂದೆ. ಆ ಹೊತ್ತಿಗೆ ಮನಸ್ಸಿನಲ್ಲಿ ಹಾಗೇ ಇತ್ತು. ಅವಳು ಹೋದ ಮೇಲೆ ಹಗುರಾಗಿ ಒಂದು ಪೂರ್ತಿ ಊಟ ಮಾಡಿದೆ.

ಅವರು ಗೊತ್ತು ಮಾಡಿದ ದಿನ ಬೆಳಿಗ್ಗೆ ಹತ್ತಕ್ಕೆ ಹಾಡಿಗೆ ಹೋದೆ. ಮರದ ಕೆಳಗೆ ಸಾರಿಸಿ ಇಟ್ಟಿದ್ದರು. ಮೂರು ಕಲ್ಲಿನ ಒಲೆಗೆ ಸೌದೆ ಒಟ್ಟಿತ್ತು, ಬೆಂಕಿ ಹಚ್ಚಿರಲಿಲ್ಲ. ಮೂಪ್ಪ ಕುಕ್ಕರುಗಾಲಿನಲ್ಲಿ ಕೂತಿದ್ದ, ಅವನ ಮುಂದೆ ಮೊರದಲ್ಲಿ ಅಕ್ಕಿ. ತಾಯಿ ಹೊಸದೊಂದು ಸೀರೆ ಉಟ್ಟು ಸ್ವಲ್ಪ ದೂರ ನಿಂತಿದ್ದಳು. ಬಡಿಸುವುದಕ್ಕೆ ಎಲೆ ಕೊಯ್ದು ತೊಳೆದು ಜೋಡಿಸಿಟ್ಟಿದ್ದಳು. ನಾನು ಕೂತೆ, ಅಕ್ಕಿಯ ಮೇಲೆ ಕೈ ಇಟ್ಟೆ. ಜ್ವರದ ವಿಷಯ ಹೇಳಿದೆ. ಮೈ ಸುಡುತ್ತಿತ್ತು, ಕಣ್ಣು ಕೆಂಪಗಿತ್ತು ಎಂದೆ.

“ಪನಿ ಇದ್ದೋನ್ನ ಹಾಡಕ್ ಯಾಕ್ ಬುಟ್ರಿ?” ಎಂದ ಮೂಪ್ಪ. ಪನಿ ಎಂದರೆ ಜ್ವರ.

“ಜಾಸ್ತಿ ಇದೆ ಅಂತ ಗೊತ್ತಾಗ್ಲಿಲ್ಲ ಅಜ್ಜ” ಎಂದೆ.

ಅವನು ನನ್ನ ಮುಖ ನೋಡಿದ. “ಅದ್ ಬುಡಿ. ಒಂದೇ ಮಾತು. ಆ ವರ್ತಮಾನ ಅವ ನಿಮ್ ತಾವ ಯೋಳ್ದ್ನೊ, ಯೋಳ್ನಿಲ್ವೊ?”

ತಲೆ ಎತ್ತಿದೆ. ಹಾಡಿಯ ಹುಡುಗರು ಮರದ ಸುತ್ತ ನಿಂತಿದ್ದರು. ನಾಲ್ಕೈದು ಫೋನುಗಳು ನನ್ನ ಕಡೆ ತಿರುಗಿದ್ದವು. ಒಬ್ಬನ ಅಂಗಿಯ ಮೇಲೆ ನನ್ನ ವಾಕ್ಯವೇ ಅಚ್ಚಾಗಿತ್ತು, ಅವನ ಫೋಟೋದ ಕೆಳಗೆ. ಇವರೂ ಭಕ್ತರೇ. ಇಲ್ಲ ಎಂದರೆ ಸಂಜೆಯೊಳಗೆ ಇದು ಇಡೀ ಜಿಲ್ಲೆಗೆ ಗೊತ್ತಾಗುತ್ತದೆ. ಮಾತು ಸುಳ್ಳಾದರೆ ಮತ್ತೇನು ಹೇಳಿದ ಎಂದು ಕೇಳುತ್ತಾರೆ. ಸ್ಟೂಲು ಹೊರಗೆ ಬರುತ್ತದೆ. ಯಾರು ಕೊಡಲಿಲ್ಲ ಎಂದು ಕೇಳುತ್ತಾರೆ. ಆ ನರ್ಸಿಂಗ್ ಹುಡುಗಿಯ ಮುಖಕ್ಕೆ ಹಾಕಿದ ಕೆಂಪು ವೃತ್ತ ನನ್ನ ಮುಖಕ್ಕೆ ಬರುತ್ತದೆ. ಇದೆಲ್ಲ ಯೋಚಿಸಲು ನನಗೆ ಹಿಡಿದದ್ದು ಚಾನೆಲ್‌ನವನ ಮುಂದೆ ಹಿಡಿದಷ್ಟೇ ಹೊತ್ತು.

“ಹೇಳಿದ” ಎಂದೆ.

ಮೂಪ್ಪ ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟ. ಮೊರ ಎತ್ತಿ ಅಕ್ಕಿಯನ್ನು ಮತ್ತೆ ಚೀಲಕ್ಕೆ ಸುರಿದ, ಒಂದು ಕಾಳೂ ಚೆಲ್ಲದ ಹಾಗೆ. ಎದ್ದು ಹೋದ. ಹೆಂಗಸರು ಒಲೆಯ ಸೌದೆ ಎಳೆದು ಬೇರೆ ಕಡೆ ಇಟ್ಟರು.

ನಾನು ಜೀಪಿನ ಕಡೆ ಹೊರಟಾಗ ತಾಯಿ ಹಿಂದಿನಿಂದ ಬಂದಳು. ಕೈಯಲ್ಲಿ ಸ್ಟೀಲ್ ಲೋಟ. ಹೊಡೆಯುತ್ತಾಳೇನೋ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ಕಾಪಿ ಕುಡ್ದು ಹೋಗಿ ಗೌಡ್ರೆ” ಎಂದಳು. ಲೋಟ ತೆಗೆದುಕೊಂಡೆ. ಕಟ್ಟನ್ ಕಾಪಿ, ಬೆಲ್ಲ ಹಾಕಿದ್ದಳು. ನಾನು ಮೊದಲ ಗುಟುಕು ಕುಡಿಯುವ ತನಕ ಕಾದಳು.

“ಒಂದ್ ಮಾತು ಕೇಳ್ಲಾ? ಆ ಮಾತ ಅವ ಯಾವ ಮಾತಲ್ಲಿ ಯೋಳ್ದ? ನಮ್ ಮಾತಲ್ಲೊ, ಮಲಯಾಳದಲ್ಲೊ?”

ಫ್ಲೆಕ್ಸಿನಲ್ಲಿ ಇದ್ದದ್ದು ಮಲಯಾಳ. “ಮಲಯಾಳದಲ್ಲಿ” ಎಂದೆ.

ಅವಳು ತಲೆ ಆಡಿಸಿದಳು. “ಅವ ಮನೇಗ್ ಬಂದ್ರೆ ದಿನಾ ನಿಮ್ದೇ ಸುದ್ದಿ. ಅಣ್ಣನ್ ತಾವ ನಮ್ ಮಾತೇ ಆಡದು ಅವ್ವಾ, ಬ್ಯಾರೆ ಮಾತೇ ಇಲ್ಲ ಅಂತಿದ್ದ. ಆ ದಿನ ಪರಿಪಾಡಿ ಮುಗಿಸ್ಕಂಡು ಬಂದು ಮನಿಕಂಡಾಗ್ಲೂ ಯೋಳ್ದ. ಸ್ಟೂಲ್ ಕೇಳ್ದೆ, ಅಣ್ಣ ಕೊಡ್ನಿಲ್ಲ ಅಂದ.”

ಲೋಟವನ್ನು ಬಾಯಿಂದ ಕೆಳಗಿಳಿಸಿದೆ.

“ಗೊತ್ತಿದ್ರೆ ಅಲ್ಲೇ ಯಾಕೆ ಹೇಳ್ಲಿಲ್ಲ ಅವ್ವಾ?” ಎಂದೆ.

“ಹೆತ್ತೋಳ್ ಮಾತು ಅಲ್ಲಿ ನಡೆಯಕಿಲ್ಲ. ಹೆತ್ತೋಳು ಸುಳ್ಳು ಯೋಳ್ತಾಳೆ ಅಂತ” ಎಂದಳು. “ಅದ್ಕೇ ನಿಮ್ಮನ್ನ ಕರ್ದೆ. ಕುಡೀರಿ, ಆರೋಯ್ತದೆ.”

ಕುಡಿದೆ. ಲೋಟ ಇಸಿದುಕೊಂಡು ಬೋರಿನ ಹತ್ತಿರ ಹೋಗಿ ಬೂದಿ ಹಾಕಿ ಎರಡು ಸಲ ತಿಕ್ಕಿ ತೊಳೆದಳು. ಆಮೇಲೆ ತೊಳೆದಿಟ್ಟಿದ್ದ ಎಲೆಗಳಲ್ಲಿ ಒಂದನ್ನು ತೆಗೆದುಕೊಂಡು ಬೇಲಿಯ ಆಚೆ ಕಂಟಿಯ ಕಡೆ ನಡೆದಳು. ನಾನು ಜೀಪು ಹತ್ತಿದೆ.

ಅದಾಗಿ ಎರಡು ವರ್ಷ. ಮೊನ್ನೆ ಮೂರನೆಯ ಸ್ಮರಣೆ ನಡೆಯಿತು. ಕಳೆದ ವರ್ಷಕ್ಕಿಂತ ಹೆಚ್ಚು ಜನ. ಸ್ಟೇಜಿನ ನಡುವೆ ಅವನ ಬೆಳ್ಳನೆಯ ಫೋಟೋವನ್ನು ಎಲ್ಲರಿಗೂ ಕಾಣಲೆಂದು ಒಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಕೆಂಪು ಬಟ್ಟೆ ಹೊದಿಸಿದ, ಗಟ್ಟಿಯಾದ ಮರದ ಸ್ಟೂಲು. ನಿರೂಪಕಿ ನನ್ನ ಕೈಗೆ ಮೈಕ್ ಕೊಟ್ಟು, ಆ ಕೊನೆಯ ಮಾತನ್ನು ಅವನ ಆತ್ಮಮಿತ್ರನ ಬಾಯಿಂದಲೇ ಕೇಳೋಣ ಎಂದಳು. ದೀಪ ಕಡಿಮೆ ಮಾಡಿದರು. ಜನ ಮೊಬೈಲಿನ ಬೆಳಕು ಎತ್ತಿದರು. ನಾನು ಹೇಳಿದೆ, ಮಲಯಾಳದಲ್ಲೇ.